ಬದನೆ ಎಣ್ಣೆ ಕುಡಿಯದಂತೆ ಹುರಿಯಬೇಕೇ?

ಪ್ರಶ್ನೆ: ಪ್ಯಾನಿಗೆ ಎಷ್ಟು ಎಣ್ಣೆ ಹಾಕಿದರೂ ಬದನೆ ಬಿಲ್ಲೆಗಳು ಕ್ಷಣದಲ್ಲಿ ಕುಡಿದುಬಿಡುತ್ತವೆ. ಇನ್ನಷ್ಟು ಹಾಕಿದರೆ ಅದನ್ನೂ ಕುಡಿಯುತ್ತವೆ. ತಟ್ಟೆಗೆ ಹಾಕಿದಾಗ ಬರೀ ಜಿಡ್ಡು. ಇದಕ್ಕೆ ಉಪಾಯವೇನು?

ಉತ್ತರ: ಎರಡನೇ ಸಲ ಎಣ್ಣೆ ಹಾಕಬೇಡಿ. ತಪ್ಪು ಆಗುವುದೇ ಅಲ್ಲಿ. ಬದನೆಯ ತಿರುಳು ಸ್ಪಂಜಿನ ಹಾಗೆ. ಅದರ ತುಂಬ ಗಾಳಿಯಿರುವ ಸಣ್ಣ ಸಣ್ಣ ಸಂದುಗಳು. ಹಸಿ ಬಿಲ್ಲೆ ಪ್ಯಾನಿಗೆ ಬಿದ್ದೊಡನೆ ಎಣ್ಣೆ ಆ ಸಂದುಗಳಿಗೆ ನುಗ್ಗುತ್ತದೆ. ಪ್ಯಾನ್ ಒಣಗಿದಂತೆ ಕಂಡು ನಾವು ಮತ್ತೆರಡು ಚಮಚ ಸುರಿಯುತ್ತೇವೆ. ಆದರೆ ತಿರುಳು ಬೆಂದಂತೆ ಸಂದುಗಳು ಕುಸಿದು, ಒಳಗೆ ಹೋಗಿದ್ದ ಎಣ್ಣೆಯಲ್ಲಿ ಒಂದು ಪಾಲು ಹೊರಗೆ ಬರುತ್ತದೆ. ಸುಮ್ಮನೆ ಕಾದಿದ್ದರೆ ಅಷ್ಟೇ ಸಾಕಾಗುತ್ತಿತ್ತು.

ಇದಕ್ಕಿಂತ ಒಳ್ಳೆಯ ದಾರಿ ಎಂದರೆ, ಎಣ್ಣೆ ಸೋಕುವ ಮೊದಲೇ ಆ ಸಂದುಗಳನ್ನು ಕುಸಿಯುವಂತೆ ಮಾಡುವುದು. ಅರ್ಧ ಕಿಲೋ ಬದನೆಯನ್ನು 1 ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ, ಒಂದೂವರೆ ಟೀ ಚಮಚ ಪುಡಿ ಉಪ್ಪನ್ನು ಎರಡೂ ಬದಿಗೆ ಸವರಿ, ತೂತಿನ ಪಾತ್ರೆಯಲ್ಲಿ 30ರಿಂದ 45 ನಿಮಿಷ ಬಿಡಿ. ಮೇಲೆ ನೀರಿನ ಹನಿಗಳು ಮೂಡುತ್ತವೆ, ಬಿಲ್ಲೆ ಬಾಗಿಸಿದರೆ ಮುರಿಯದೆ ಬಾಗುತ್ತದೆ. ಆಗ ಉಪ್ಪನ್ನು ಬೇಗನೆ ತೊಳೆದು, ಒಣ ಬಟ್ಟೆಯ ನಡುವೆ ಇಟ್ಟು ಅಂಗೈಯಿಂದ ಒತ್ತಿ ನೀರು ತೆಗೆಯಿರಿ. ಒತ್ತುವುದನ್ನು ಬಿಟ್ಟರೆ ಉಪ್ಪು ಹಚ್ಚಿದ್ದಕ್ಕೆ ಅರ್ಧ ಫಲವೂ ಇಲ್ಲ. ಅಷ್ಟು ಸಮಯ ಇಲ್ಲದಿದ್ದರೆ ಮೈಕ್ರೋವೇವ್ ಇದೆ: ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ 4–5 ನಿಮಿಷ ಇಟ್ಟರೆ ಬಿಲ್ಲೆಗಳು ಕುಗ್ಗಿ ಮೆತ್ತಗಾಗುತ್ತವೆ. ಎಣ್ಣೆ ಉಳಿಸುವುದೊಂದೇ ಗುರಿಯಾದರೆ ಇದು ಉಪ್ಪಿಗಿಂತಲೂ ವಾಸಿ.

ಆಮೇಲೆ ಎಣ್ಣೆಯನ್ನು ಪ್ಯಾನಿಗೆ ಸುರಿಯುವ ಬದಲು ಬ್ರಷ್‌ನಿಂದ ಬಿಲ್ಲೆಗಳ ಎರಡೂ ಬದಿಗೆ ಹಚ್ಚಿ. ಸುರಿದರೆ ಮೊದಲು ಬಿದ್ದ ಎರಡು ಬಿಲ್ಲೆಗಳೇ ಎಲ್ಲವನ್ನೂ ಹೀರಿ, ಉಳಿದವು ಒಣಗಿ ಸೀಯುತ್ತವೆ. ಹಚ್ಚಿದರೆ ಅರ್ಧ ಕಿಲೋಗೆ ಮೂರು ಊಟದ ಚಮಚ, ಅಂದರೆ ಸುಮಾರು 45 ಮಿಲಿಲೀಟರ್ ಸಾಕು.

ಪ್ರಶ್ನೆ: ಹೊರಗೆ ಕಪ್ಪಾಗುತ್ತದೆ, ಒಳಗೆ ಹಸಿಯಾಗಿಯೇ ಇರುತ್ತದೆ. ಉರಿ ಎಷ್ಟಿರಬೇಕು?

ಉತ್ತರ: ಮಧ್ಯಮ ಉರಿ. ಜೋರು ಉರಿಯಲ್ಲಿ ಕೆಂಪಗಾದದ್ದನ್ನು ಬೆಂದದ್ದು ಎಂದು ಭ್ರಮಿಸುತ್ತೇವೆ. ಅರೆಬೆಂದ ಬದನೆ ಜಗಿದರೆ ರಬ್ಬರಿನಂತಿರುತ್ತದೆ, ಯಾವ ಮಸಾಲೆಯೂ ಅದನ್ನು ಕಾಪಾಡಲಾರದು.

ಬೀಡು ಕಬ್ಬಿಣದ ಪ್ಯಾನ್ ಆದರೆ 4–5 ನಿಮಿಷ ಕಾಯಿಸಿ. ನಾನ್‌ಸ್ಟಿಕ್ ಅನ್ನು ಖಾಲಿಯಾಗಿ ಹೆಚ್ಚು ಹೊತ್ತು ಕಾಯಿಸಬೇಡಿ, ಲೇಪ ಹಾಳಾಗುತ್ತದೆ. ಒಂದು ಬಿಲ್ಲೆಯ ಅಂಚು ತಾಗಿಸಿದೊಡನೆ ಚುಂಯ್ ಎಂದರೆ ಹದ ಬಂತು. ಎಣ್ಣೆ ಹೊಗೆಯಾಡಿದರೆ ಉರಿ ಮೀರಿತು. ಬಿಲ್ಲೆಗಳ ನಡುವೆ ಒಂದು ಬೆರಳು ಜಾಗ ಬಿಡಿ. ಒತ್ತೊತ್ತಾಗಿ ಜೋಡಿಸಿದರೆ ಪ್ಯಾನ್ ತಣಿದು, ನೀರು ಹಬೆಯಾಗಿ ಅಲ್ಲೇ ನಿಂತು, ಹುರಿಯುವ ಬದಲು ಬೇಯುತ್ತವೆ. 26 ಸೆಂಟಿಮೀಟರ್ ಪ್ಯಾನಿನಲ್ಲಿ ಅರ್ಧ ಕಿಲೋಗೆ ಎರಡು ಮೂರು ಸರದಿ ಬೇಕಾಗುತ್ತದೆ.

ನಾಲ್ಕು ನಿಮಿಷ ಮುಟ್ಟಬೇಡಿ. ಕೆಳಬದಿ ಚೆನ್ನಾಗಿ ಕಂದಿದ ಮೇಲೆ ಬಿಲ್ಲೆ ತಾನೇ ಸಡಿಲವಾಗುತ್ತದೆ. ಆಗ ಮಗುಚಿ ಇನ್ನೂ 3–4 ನಿಮಿಷ ಬಿಡಿ. ಫೋರ್ಕ್ ಅನ್ನು ನಡುವಿನಲ್ಲಿ ಮಾತ್ರವಲ್ಲ, ಸಿಪ್ಪೆಯ ಪಕ್ಕದಲ್ಲೂ ಚುಚ್ಚಿ ನೋಡಿ, ಕೊನೆಗೆ ಬೇಯುವುದು ಆ ಭಾಗವೇ. ಬಣ್ಣ ಬಂದೂ ಗಟ್ಟಿಯಿದ್ದರೆ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಮುಚ್ಚಿಡಿ, ಮತ್ತೆ ತೆರೆದು ಒಂದು ನಿಮಿಷ ನೀರಾರಲು ಬಿಡಿ.

ಪ್ರಶ್ನೆ: ಹಿಟ್ಟಿನ ಲೇಪ ಎದ್ದು ಬರುತ್ತದೆ, ಉಳಿದದ್ದೂ ಮೆತ್ತಗಾಗುತ್ತದೆ.

ಉತ್ತರ: ಎದ್ದು ಬರುವುದಕ್ಕೆ ಕಾರಣ ಒದ್ದೆ ಮೈ. ಉಪ್ಪು ಹಚ್ಚಿ ಒರೆಸಿದ ಬಿಲ್ಲೆಗೆ ಅಕ್ಕಿ ಹಿಟ್ಟು ಅಥವಾ ಸಣ್ಣ ರವೆ ಒತ್ತಿ, ಹತ್ತು ನಿಮಿಷ ಹಾಗೇ ಇಟ್ಟರೆ ಹಿಟ್ಟು ತೇವ ಹೀರಿ ಹಿಡಿದುಕೊಳ್ಳುತ್ತದೆ. ಹಿಟ್ಟಿಗೆ ಬೇರೆ ಉಪ್ಪು ಬೇಡ. ಇಲ್ಲಿ ಎಣ್ಣೆಯಲ್ಲಿ ಜಿಪುಣತನ ಮಾಡಬಾರದು: ಅರ್ಧ ಸೆಂಟಿಮೀಟರ್ ಆಳ, 175ರಿಂದ 180 ಡಿಗ್ರಿ ಸೆಲ್ಸಿಯಸ್ ಬಿಸಿ ಇರಲಿ. ಬಿಸಿ ಕಡಿಮೆಯಾದರೆ ಗರಿಗರಿಯಾದ ಹೊದಿಕೆ ಕಟ್ಟುವ ಮೊದಲೇ ಹಿಟ್ಟು ಎಣ್ಣೆಯಲ್ಲಿ ನೆನೆಯುತ್ತದೆ. ತೆಗೆದ ಮೇಲೆ ಕಾಗದದ ಮೇಲೆ ಪೇರಿಸಬೇಡಿ, ಅಡಿಯ ಹಬೆ ಹೊರಹೋಗದೆ ಗರಿಮುರಿ ಕೆಡುತ್ತದೆ. ತಂತಿ ಜಾಲರಿಯ ಮೇಲೆ ಬಿಡಿ ಬಿಡಿಯಾಗಿ ಹರಡಿ.

ಪ್ರಶ್ನೆ: ಕಹಿ ಹೋಗಲೆಂದು ಹೆಚ್ಚಿದ ಹೋಳುಗಳನ್ನು ಉಪ್ಪುನೀರಿನಲ್ಲಿ ನೆನೆಸಿಡುವುದು ಸರಿಯೇ?

ಉತ್ತರ: ಪಲ್ಯಕ್ಕೆ ಸರಿ, ಹುರಿಯುವುದಕ್ಕೆ ಅಲ್ಲ. ಗಾಳಿ ತಾಗಿ ಹೋಳು ಕಪ್ಪಾಗುವುದನ್ನು ನೀರು ತಡೆಯುತ್ತದೆ, ಆದರೆ ನೀರು ಹೀರಿದ ಬಿಲ್ಲೆ ಎಣ್ಣೆಯಲ್ಲಿ ಸಿಡಿಯುತ್ತದೆ, ಬಣ್ಣ ಬರುವುದೂ ನಿಧಾನ. ಹುರಿಯಲಿರುವ ಬದನೆಯನ್ನು ಉಪ್ಪು ಹಚ್ಚುವ ಹೊತ್ತಿಗೇ ಹೆಚ್ಚಿ. ಕಹಿ ಹೆಚ್ಚಾಗಿ ಬಲಿತ ಕಾಯಿಯದ್ದು. ಗಾತ್ರಕ್ಕೆ ತಕ್ಕ ಭಾರ, ಹೊಳೆಯುವ ಸಿಪ್ಪೆ, ಬೆರಳಿನಿಂದ ಒತ್ತಿದರೆ ಮತ್ತೆ ಉಬ್ಬುವ ಮೈ ಇದ್ದರೆ ಎಳೆಯದು. ಕೊಯ್ದಾಗ ಬೀಜ ಕಂದಿದ್ದರೆ ಆ ಭಾಗ ತೆಗೆದುಹಾಕಿ. ಫ್ರಿಜ್ಜಿನಲ್ಲಿ ದಿನಗಟ್ಟಲೆ ಇಟ್ಟರೂ ಹೀಗಾಗಬಹುದು. 10 ಡಿಗ್ರಿಗಿಂತ ಕಡಿಮೆ ತಂಪು ಬದನೆಗೆ ಹಿಡಿಸುವುದಿಲ್ಲ.

ಪ್ರಶ್ನೆ: ಸಿಪ್ಪೆ ತೆಗೆಯಬೇಕೇ?

ಉತ್ತರ: ಎಳೆಯದಕ್ಕೆ ಬೇಡ, ಬಿಲ್ಲೆ ಬಿಚ್ಚಿಕೊಳ್ಳದಂತೆ ಹಿಡಿದಿಡುವುದು ಸಿಪ್ಪೆಯೇ. ದೊಡ್ಡ, ದಪ್ಪ ಸಿಪ್ಪೆಯ ಕಾಯಾದರೆ ಉದ್ದಕ್ಕೆ ಪಟ್ಟಿ ಬಿಟ್ಟು ಪಟ್ಟಿ ಹೆರೆದು, ಆಮೇಲೆ ಬಿಲ್ಲೆ ಮಾಡಿ.