ಐದು ವಾರಕ್ಕೆ ನಾಲ್ಕು ಕಿಲೋ ಅಂದ ಆ್ಯಪ್, ಮನೆಯಲ್ಲಿ ಶುರುವಾದ ಜಗಳ

ಬಳ್ಳಾರಿಯ ಒಂದು ಖಾಸಗಿ ಶಾಲೆಯ ಟೀಚರ್. ವಯಸ್ಸು 34. ಇಬ್ಬರು ಮಕ್ಕಳು, ಜೊತೆಯಲ್ಲಿ ಅತ್ತೆ. ಯಜಮಾನರಿಗೆ ತೋರಣಗಲ್ಲು ಕಡೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಇಬ್ಬರೂ ಒಪ್ಪಿದ್ದಾರೆ. ಇಲ್ಲಿ ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ.

ಅವರು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದದ್ದು ತೂಕದ ಚಿಂತೆಗಲ್ಲ. ರಾತ್ರಿ ನಿದ್ದೆ ಬರಲ್ಲ, ಮಕ್ಕಳ ಮೇಲೆ ಸುಮ್ನೆ ರೇಗ್ತೀನಿ, ಕ್ಲಾಸಿನಲ್ಲಿ ತಲೆ ಸುತ್ತುತ್ತೆ ಅಂತ. ಮಾತು ಸಾಕಷ್ಟು ಮುಂದೆ ಹೋದ ಮೇಲೆ ಫೋನ್ ತೆಗೆದು ನನ್ನ ಮುಂದೆ ಇಟ್ಟರು. ಕ್ಯಾಲೊರಿ ಲೆಕ್ಕ ಇಡುವ ಆ್ಯಪ್. ದಿನದ ಊಟ ಎಲ್ಲ ಬರೆದು ಕೊನೆಯ ಬಟನ್ ಒತ್ತಿದರೆ ಒಂದು ಸಾಲು ಬರುತ್ತೆ: ಪ್ರತಿ ದಿನವೂ ಇವತ್ತಿನ ಹಾಗೇ ಇದ್ದರೆ ಐದು ವಾರದಲ್ಲಿ ನಿಮ್ಮ ತೂಕ ಇಷ್ಟು.

ಗಂಡನ ಕಾರ್ಖಾನೆಯ ವರ್ಷದ ತಪಾಸಣೆಯಲ್ಲಿ ಲಿವರ್‌ನಲ್ಲಿ ಕೊಬ್ಬು ಸೇರಿದೆ ಅಂತ ಬಂದಿತ್ತು. ಆವಾಗ ಇಬ್ಬರೂ ಒಂದೇ ದಿನ ಈ ಆ್ಯಪ್ ಹಾಕಿಕೊಂಡರು. ಟೀಚರ್ ತೂಕ 71 ಕಿಲೋ, ಆ್ಯಪ್ ಹೇಳಿದ್ದು 67. ಯಜಮಾನರದು 86, ಹೇಳಿದ್ದು 82. ಐದು ವಾರ ಆದ ಮೇಲೆ ಯಜಮಾನರು 81.8ಕ್ಕೆ ಬಂದರು. ಟೀಚರ್ 70.2ರಲ್ಲಿ ನಿಂತರು.

ಜಗಳ ಶುರುವಾದದ್ದು ಅಲ್ಲಿಂದ. "ನನಗೆ ಕರೆಕ್ಟಾಗಿ ಹೇಳೈತೆ, ನಿನಗಷ್ಟೇ ಯಾಕೆ ತಪ್ಪು ಹೇಳುತ್ತೆ? ಎಲ್ಲೋ ಕದ್ದು ತಿಂತೀಯ ಬಿಡು" ಅಂದರಂತೆ. ತಮಾಷೆಗೇ ಅಂದದ್ದು. ಆದರೆ ಅದು ಮನೆಯ ಮಾತಾಯಿತು. ಚಕ್ಕುಲಿ ಡಬ್ಬಿ ಖಾಲಿಯಾದರೆ ಮಕ್ಕಳೂ ಅಮ್ಮನ ಮುಖ ನೋಡಿ ನಗತೊಡಗಿದರು.

"ನಾನು ಕದ್ದು ತಿಂದಿಲ್ರೀ ಮೇಡಂ. ಆದ್ರೆ ಈಗೀಗ ನನಗೇ ನನ್ನ ಮೇಲೆ ಅನುಮಾನ ಬರಾಕತ್ತೈತೆ." ಇದನ್ನು ಹೇಳುವಾಗ ಅತ್ತರು.

ಇಂಥ ಪ್ರಕರಣದಲ್ಲಿ ನಾನು ಮೊದಲು ನೋಡೋದು ಊಟದ ಕಾಯಿಲೆ ಏನಾದರೂ ಇದೆಯಾ ಅಂತ. ತಿಂದದ್ದನ್ನು ಬೇಕಂತಲೇ ವಾಂತಿ ಮಾಡ್ತೀರಾ, ಭೇದಿ ಮಾತ್ರೆ ತಗೋತೀರಾ, ಮುಟ್ಟು ನಿಂತಿದೆಯಾ, ಬದುಕೋದೇ ಬೇಡ ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದೆ. ಯಾವುದೂ ಇರಲಿಲ್ಲ. ಒಂದಕ್ಕೆ ಹೌದು ಅಂದಿದ್ದರೂ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ, ಈ ಲೆಕ್ಕಾಚಾರದ ಮಾತೇ ಎತ್ತುತ್ತಿರಲಿಲ್ಲ. (ಓದುವವರಲ್ಲಿ ಯಾರಿಗಾದರೂ ಇಂಥ ತೊಂದರೆ ಇದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.) ಥೈರಾಯ್ಡ್ ಪರೀಕ್ಷೆಗೆ ಅವರ ವೈದ್ಯರ ಹತ್ತಿರ ಕಳಿಸಿದೆ. ನಾರ್ಮಲ್ ಬಂತು.

ಆದರೆ ಇನ್ನೊಂದು ವಿಷಯ ಗೊತ್ತಾಯಿತು. ಟೀಚರ್ ರಾತ್ರಿ ಊಟಕ್ಕೆ ಮೊದಲೇ ಬಟನ್ ಒತ್ತಿ ನೋಡುತ್ತಿದ್ದರು. 67 ಬಂದರೆ ಖುಷಿ. ಎರಡು ರೊಟ್ಟಿ ಸೇರಿಸಿದರೆ 68 ಆಗುತ್ತೆ. ಹಾಗಾಗಿ ರೊಟ್ಟಿ ಬೇಡ, ಮಜ್ಜಿಗೆ ಸಾಕು. ಹೀಗೆ ವಾರವೆಲ್ಲ ಹಸಿದು ಮಲಗೋದು, ಭಾನುವಾರ ಮನೆಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿದಾಗ ತಡೆಯೋಕಾಗದೆ ತಿನ್ನೋದು. ಆ ದಿನ ಆ್ಯಪ್ ತೆರೆಯುತ್ತಲೇ ಇರಲಿಲ್ಲ. ನಿದ್ದೆ ಬರದೇ ಇರೋದು, ರೇಗೋದು, ತಲೆ ಸುತ್ತೋದು ಎಲ್ಲದಕ್ಕೂ ಕಾರಣ ಇದರಲ್ಲೇ ಸಾಕಷ್ಟು ಸಿಕ್ಕಿತು.

ನಾನು ಡಯೆಟಿಷಿಯನ್ ಅಲ್ಲ. ಆದರೆ ಈ ಸಂಖ್ಯೆ ಎಲ್ಲಿಂದ ಬರುತ್ತೆ ಅಂತ ಕಾಗದದ ಮೇಲೆ ತೋರಿಸದೆ ಅವರ ಮನಸ್ಸಿನ ಅನುಮಾನ ಹೋಗಲ್ಲ ಅನ್ನಿಸಿತು. ಗಣಿತದ ಟೀಚರ್ ಬೇರೆ. ಎರಡನೇ ಭೇಟಿಯಲ್ಲಿ ನಾನೂ ಅವರೂ ಸೇರಿ ಲೆಕ್ಕ ಮಾಡಿದೆವು.

ದೇಹ ದಿನಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತೆ ಅನ್ನೋದನ್ನು ಆ್ಯಪ್ ಅಳೆಯಲ್ಲ, ಊಹಿಸುತ್ತೆ. ಹಲವು ಆ್ಯಪ್‌ಗಳು ಬಳಸೋದು 1990ರ ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ. ಅಮೆರಿಕದ ಸುಮಾರು 500 ಜನರನ್ನು ಅಳೆದು ಮಾಡಿದ್ದು. ಟೀಚರ್ ತೂಕ 71 ಕಿಲೋ, ಎತ್ತರ 154 ಸೆಂಟಿಮೀಟರ್, ವಯಸ್ಸು 34. ಸೂತ್ರದ ಪ್ರಕಾರ ಸುಮ್ನೆ ಮಲಗಿದ್ದರೂ ಖರ್ಚಾಗೋದು ದಿನಕ್ಕೆ ಸುಮಾರು 1,340 ಕ್ಯಾಲೊರಿ. ಆಮೇಲೆ ನೀವೆಷ್ಟು ಓಡಾಡ್ತೀರಿ ಅಂತ ಆ್ಯಪ್ ಕೇಳುತ್ತೆ. ಕೂತು ಕೆಲಸ ಅಂದರೆ 1.2ರಿಂದ ಗುಣಿಸುತ್ತೆ, 1,610 ಬರುತ್ತೆ. ಸ್ವಲ್ಪ ಓಡಾಟ ಅಂದರೆ 1,845. ಮಧ್ಯಮ ಅಂದರೆ 2,080. ಟೀಚರ್ ದಿನವೆಲ್ಲ ನಿಂತು ಪಾಠ ಮಾಡ್ತೀನಿ ಅಂತ "ಮಧ್ಯಮ" ಒತ್ತಿದ್ದರು. ಸಹಜ ಅಲ್ವಾ? ಆದರೆ ಆ ಆಯ್ಕೆ ಇರೋದು ವಾರದಲ್ಲಿ ಹಲವು ದಿನ ಬೆವರು ಸುರಿಸಿ ವ್ಯಾಯಾಮ ಮಾಡುವವರಿಗೆ. ಒಂದೇ ಒಂದು ಬಟನ್‌ನಿಂದ 235 ಕ್ಯಾಲೊರಿ ಹೆಚ್ಚಾಯಿತು.

ಅವರು ಬರೆದುಕೊಂಡ ಊಟ ದಿನಕ್ಕೆ 1,200 ಕ್ಯಾಲೊರಿ. 2,080ರಲ್ಲಿ ಕಳೆದರೆ 880. ಐದು ವಾರ ಅಂದರೆ 35 ದಿನ. ಗುಣಿಸಿದರೆ 30,800. ಒಂದು ಕಿಲೋಗೆ 7,700 ಕ್ಯಾಲೊರಿ ಅಂತ ಭಾಗಿಸಿದರೆ ಸರಿಯಾಗಿ ನಾಲ್ಕು. "ಓ, ಇಷ್ಟೇನಾ!" ಅಂದರು ಟೀಚರ್. ಹೌದು, ಇಷ್ಟೇ. ಆರನೇ ಕ್ಲಾಸಿನ ಮಕ್ಕಳೂ ಮಾಡುವ ಲೆಕ್ಕ. ಇವತ್ತು ಒಂದು ದಿನ ಆದ ವ್ಯಾಪಾರ ನೋಡಿ ಐದು ವಾರದ ಲಾಭ ಹೇಳಿದ ಹಾಗೆ.

ಈಗ ಅಡುಗೆ ಮನೆಗೆ ಬರೋಣ. ಆ್ಯಪ್‌ನಲ್ಲಿ "ಜೋಳದ ರೊಟ್ಟಿ, ಒಂದು" ಅಂತ ಇದೆ. ಯಾವ ಮನೆಯ ರೊಟ್ಟಿ? ಅವರ ಅತ್ತೆ ಬಡಿಯೋದು ತಟ್ಟೆ ತುಂಬುವ ರೊಟ್ಟಿ. ಒಂದು ದಿನ ರೊಟ್ಟಿಗೆ ಹಿಡಿಯುವ ಹಿಟ್ಟು ತೂಗಿ ನೋಡಿ ಅಂದೆ. 60 ಗ್ರಾಂ ಬಂತು. ಆ್ಯಪ್ ಲೆಕ್ಕ ಅದರ ಅರ್ಧಕ್ಕೆ. 30 ಗ್ರಾಂ ಜೋಳದ ಹಿಟ್ಟು ಅಂದರೆ ಸುಮಾರು 100 ಕ್ಯಾಲೊರಿ. ಎಣ್ಣೆಗಾಯಿಗೆ ಹಾಕಿದ ಎಣ್ಣೆ, ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ. ಶೇಂಗಾ ಚಟ್ನಿಪುಡಿ, ಅದನ್ನು ಯಾರು ಲೆಕ್ಕ ಇಡ್ತಾರೆ? ಸ್ಟಾಫ್ ರೂಮಿನ ಸಕ್ಕರೆ ಚಹಾ. ಚಿಕ್ಕ ಮಗ ತಟ್ಟೆಯಲ್ಲಿ ಬಿಟ್ಟ ಅನ್ನ, ಚೆಲ್ಲೋಕೆ ಮನಸ್ಸಾಗದೆ ಅಮ್ಮನೇ ಬಾಯಿಗೆ ಹಾಕಿಕೊಂಡದ್ದು. ಅತ್ತೆ ಇದನ್ನೆಲ್ಲ ನೋಡಿ "ರೊಟ್ಟಿ ತೂಗಿ ತಿನ್ನೋ ಕಾಲ ಬಂತೇನವ್ವ" ಅಂದರಂತೆ. ಅವರ ಮಾತಲ್ಲೂ ನ್ಯಾಯ ಇದೆ ಬಿಡಿ.

ಎಲ್ಲ ಸೇರಿಸಿ, ಭಾನುವಾರವನ್ನೂ ಹಂಚಿದರೆ ದಿನಕ್ಕೆ ಸರಾಸರಿ 1,550 ಅಂತ ಅಂದಾಜು ಮಾಡಿದೆವು. ಖರ್ಚು 1,845 ಅಂತ ಇಟ್ಟರೆ ಉಳಿಯೋದು 295. ಅದೇ ಲೆಕ್ಕದಲ್ಲಿ ಐದು ವಾರಕ್ಕೆ 1.3 ಕಿಲೋ. ತಕ್ಕಡಿ ತೋರಿಸಿದ್ದು 0.8. ಉಳಿದ ಅರ್ಧ ಕಿಲೋ ಎಲ್ಲಿ ಅಂತ ಕೇಳಿದರು. ಐದನೇ ವಾರ ತೂಗಿದ್ದು ಮುಟ್ಟಿನ ಹಿಂದಿನ ದಿನ. ಆ ಸಮಯದಲ್ಲಿ ಹಲವರ ಮೈಯಲ್ಲಿ ನೀರು ನಿಲ್ಲುತ್ತೆ, ಒಂದು ಕಿಲೋ ಏರೋದು ಆಶ್ಚರ್ಯದ ಮಾತಲ್ಲ. ಹಿಂದಿನ ರಾತ್ರಿ ಉಪ್ಪಿನಕಾಯಿ ಜಾಸ್ತಿ ತಿಂದರೂ ಅಷ್ಟೇ. ಬಳ್ಳಾರಿಯ ಬಿಸಿಲಿನಲ್ಲಿ ಬೆವರಿ ಬಂದು ತೂಗಿದರೆ ಉಲ್ಟಾ, ಸುಮ್ಮಸುಮ್ಮನೆ ಕಮ್ಮಿ ತೋರಿಸುತ್ತೆ.

ಅಂದರೆ ಅವರು ಕದ್ದಿರಲಿಲ್ಲ. ಬರೆದಿರಲಿಲ್ಲ, ಅಷ್ಟೇ. ಇದು ಅವರೊಬ್ಬರ ಕಥೆಯಲ್ಲ. ಎಷ್ಟೇ ಕಮ್ಮಿ ತಿಂದರೂ ತೂಕ ಇಳಿಯಲ್ಲ ಅನ್ನುತ್ತಿದ್ದ ಒಂದು ಸಣ್ಣ ಗುಂಪನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡಿ 1992ರಲ್ಲಿ ಪ್ರಕಟಿಸಿದರು. ಅವರು ಬರೆದ ಊಟ ನಿಜವಾಗಿ ತಿಂದದ್ದಕ್ಕಿಂತ ಸರಾಸರಿ ಶೇಕಡಾ 47ರಷ್ಟು ಕಮ್ಮಿ ಇತ್ತು. ದೇಹ ಶಕ್ತಿ ಖರ್ಚು ಮಾಡೋದರಲ್ಲಿ ಏನೂ ದೋಷ ಇರಲಿಲ್ಲ. ತಿಂದದ್ದನ್ನು ಕಮ್ಮಿ ಅಂದಾಜು ಮಾಡೋದು ಮನುಷ್ಯರ ಸ್ವಭಾವ. ಅದಕ್ಕೆ ಸುಳ್ಳು ಅಂತ ಹೆಸರಿಡಬಾರದು.

ಮೂರನೇ ಭೇಟಿಗೆ ಯಜಮಾನರನ್ನೂ ಕರೆಸಿದೆ. ನೈಟ್ ಶಿಫ್ಟ್ ಮುಗಿಸಿ ಬಂದಿದ್ದರು, ಕಣ್ಣು ಕೆಂಪಗಿತ್ತು. ಒಳ್ಳೆಯ ಮನುಷ್ಯ. ಹೆಂಡತಿ ಅತ್ತದ್ದು ಅವರಿಗೆ ಗೊತ್ತೇ ಇರಲಿಲ್ಲ.

"ಆದ್ರೆ ನನಗೆ ಸರಿ ಬಂತಲ್ರೀ ಮೇಡಂ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರ ಲೆಕ್ಕವನ್ನೂ ಬಿಚ್ಚಿ ನೋಡಿದೆವು. ಅವರೂ ಎಣ್ಣೆ ಬರೆದಿರಲಿಲ್ಲ, ಚಟ್ನಿಪುಡಿ ಬರೆದಿರಲಿಲ್ಲ. ಆದರೆ "ಕೂತು ಕೆಲಸ" ಅಂತ ಒತ್ತಿದ್ದರು, ಪ್ಲಾಂಟ್‌ನಲ್ಲಿ ಮಾತ್ರ ಶಿಫ್ಟ್ ಪೂರ್ತಿ ನಡೆದಾಟ. ಒಂದು ತಪ್ಪು ಇನ್ನೊಂದು ತಪ್ಪನ್ನು ಹೊಡೆದು ಹಾಕಿತ್ತು. ಮೇಲೆ ದಿನವೂ ಕುಡಿಯುತ್ತಿದ್ದ ತಂಪು ಪಾನೀಯ ಬಿಟ್ಟು, ಅನ್ನ ಅರ್ಧ ಮಾಡಿದ್ದರು. ಹಾಗೆ ಮಾಡಿದಾಗ ದೇಹ ಕೂಡಿಟ್ಟ ಗ್ಲೈಕೋಜೆನ್, ಅಂದರೆ ಸಕ್ಕರೆಯ ದಾಸ್ತಾನು, ಮೊದಲು ಖರ್ಚಾಗುತ್ತೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೋಗುತ್ತೆ. ಮೊದಲ ವಾರಗಳಲ್ಲಿ ಸರ್ರನೆ ಇಳಿದದ್ದರಲ್ಲಿ ನೀರಿನ ಪಾಲೂ ಇತ್ತು.

ಇನ್ನೊಂದು ಮಾತೂ ಹೇಳಿದೆ. ಆ 7,700ರ ಲೆಕ್ಕ 1958ರದ್ದು. ಮ್ಯಾಕ್ಸ್ ವಿಶ್ನೋಫ್ಸ್ಕಿ ಅನ್ನುವ ವೈದ್ಯರು ಒಂದು ಪೌಂಡಿಗೆ 3,500 ಕ್ಯಾಲೊರಿ ಅಂತ ಬರೆದರು, ಅದನ್ನೇ ಕಿಲೋಗೆ ತಿರುಗಿಸಿಕೊಂಡಿದ್ದೇವೆ. ಆದರೆ ತೂಕ ಇಳಿದಂತೆ ದೇಹದ ಖರ್ಚೂ ಇಳಿಯುತ್ತೆ. ಕೆವಿನ್ ಹಾಲ್ ಅನ್ನುವ ಸಂಶೋಧಕರು ಮತ್ತು ಸಂಗಡಿಗರು 2011ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಸೇರಿಸಿ ಬೇರೆ ಲೆಕ್ಕ ಕೊಟ್ಟರು. ದಿನಕ್ಕೆ ಸುಮಾರು 24 ಕ್ಯಾಲೊರಿ ಕಾಯಂ ಆಗಿ ಕಮ್ಮಿ ಮಾಡಿದರೆ ಕೊನೆಗೆ ಒಂದು ಕಿಲೋ ಇಳಿಯುತ್ತೆ, ಆದರೆ ಅದರ ಅರ್ಧಕ್ಕೇ ಒಂದು ವರ್ಷ ಬೇಕು. ಪೂರ್ತಿ ಹತ್ತಿರ ಹೋಗೋಕೆ ಮೂರು ವರ್ಷ. "ಹಂಗಾದ್ರೆ ನಂದೂ ನಿಲ್ಲುತ್ತಾ?" ಅಂದರು. ನಿಧಾನ ಆಗೇ ಆಗುತ್ತೆ ಅಂದೆ. ನಂಬಲಿಲ್ಲ, ನಕ್ಕರು.

ಹಾಗಾದರೆ ಆ ಸಂಖ್ಯೆಯಿಂದ ಹುರುಪಾದರೂ ಬರುತ್ತಾ? ಕೆಲವರಿಗೆ ಬರುತ್ತೆ, ಅದನ್ನು ಅಲ್ಲಗಳೆಯಲ್ಲ. ಯಜಮಾನರಿಗೆ ಬಂದಿತ್ತು. ಟೀಚರ್‌ಗೂ ಮೊದಲ ಕೆಲವು ದಿನ ಬಂದಿತ್ತು. ನಾನು ಕೇಳುವ ಪ್ರಶ್ನೆ ಒಂದೇ: ಸಂಖ್ಯೆ ಕೆಟ್ಟದಾಗಿ ಬಂದ ಮಾರನೇ ದಿನ ನೀವೇನು ಮಾಡ್ತೀರಿ? "ಒಂದು ರೌಂಡ್ ಜಾಸ್ತಿ ನಡೀತೀನಿ" ಅಂದರು ಯಜಮಾನರು. "ಊಟ ಬಿಡ್ತೀನಿ, ಇಲ್ಲಾಂದ್ರೆ ಆ್ಯಪೇ ತೆಗೆಯಲ್ಲ" ಅಂದರು ಟೀಚರ್. ಒಂದೇ ಬಟನ್ ಒಬ್ಬರಿಗೆ ಉಪಕಾರ, ಇನ್ನೊಬ್ಬರಿಗೆ ದಿನವೂ ರಾತ್ರಿ ಫಲಿತಾಂಶ ಕಾಯುವ ಪರೀಕ್ಷೆ. ಅದಕ್ಕೇ ಟೀಚರ್‌ಗೆ ಆ ಬಟನ್ ಒತ್ತಲೇಬೇಡಿ ಅಂದೆ. ಊಟ ಬರೆದುಕೊಳ್ಳಿ, ಅಡ್ಡಿ ಇಲ್ಲ. ಭವಿಷ್ಯ ಕೇಳಬೇಡಿ.

ಉಳಿದ ಸಲಹೆಯೂ ಸಾದಾ ಇತ್ತು. ರಾತ್ರಿ ಊಟ ಬಿಡುವಂತಿಲ್ಲ, ಇದು ಮೊದಲನೆಯದು. ಎಷ್ಟು, ಏನು ಅಂತ ಡಯೆಟಿಷಿಯನ್ ಹೇಳ್ತಾರೆ, ಆದರೆ ಊಟ ಇರಲೇಬೇಕು. ತೂಕ ನೋಡಲೇಬೇಕು ಅನ್ನಿಸಿದರೆ ಬೆಳಗ್ಗೆ ಎದ್ದು, ಶೌಚ ಮುಗಿಸಿ, ಏನೂ ತಿನ್ನುವ ಮೊದಲು ನೋಡಿ. ವಾರದ ಸರಾಸರಿ ತೆಗೆಯಿರಿ, ಅದನ್ನು ಹಿಂದಿನ ಮುಟ್ಟಿನ ಚಕ್ರದ ಅದೇ ವಾರದ ಜೊತೆ ಹೋಲಿಸಿ. ನಿನ್ನೆಗೂ ಇವತ್ತಿಗೂ ಹೋಲಿಸೋದು ಬೇಡ. ಗುರಿ ಬೇಕು ಅಂದರೆ ಆರು ತಿಂಗಳಿಗೆ ಮೂರೂವರೆ ಕಿಲೋ ಇಟ್ಟುಕೊಳ್ಳಿ. ಅದು ಅವರ ತೂಕದ ಶೇಕಡಾ ಐದು. ಅಷ್ಟು ಇಳಿದರೇ ಬಿಪಿ, ಸಕ್ಕರೆಯ ಮೇಲೆ ಒಳ್ಳೆಯ ಪರಿಣಾಮ ಕಾಣೋಕೆ ಶುರುವಾಗುತ್ತೆ.

ಯಜಮಾನರಿಗೆ ಹೇಳಿದ್ದು ಎರಡೇ. ಹೆಂಡತಿಯ ಫೋನಿನಲ್ಲಿ ಲೆಕ್ಕ ತಪಾಸಣೆ ಮಾಡೋದು ನಿಲ್ಲಿಸಿ. "ಕದ್ದು ತಿನ್ನೋದು" ಅನ್ನುವ ಮಾತು ಮಕ್ಕಳ ಮುಂದೆ ಇನ್ನೊಮ್ಮೆ ಬರಬಾರದು, ತಮಾಷೆಗೂ. ಎರಡನೆಯದಕ್ಕೆ ತಲೆ ತಗ್ಗಿಸಿ ಹೂಂ ಅಂದರು.

ಹೊರಡುವ ಹೊತ್ತಿಗೆ ಟೀಚರ್ ಇನ್ನೊಂದು ಮಾತು ಎತ್ತಿದರು. ಅದು ಮೊದಲೇ ಬರಬೇಕಿತ್ತು, ಆದರೆ ಮುಖ್ಯವಾದ ಮಾತುಗಳು ಬಾಗಿಲ ಹತ್ತಿರವೇ ಬರೋದು. ಆರನೇ ಕ್ಲಾಸಿನ ಮಗಳು "ಅಮ್ಮ, ನಂದೂ ಹಾಕು, ನನಗೆಷ್ಟು ಬರುತ್ತೆ ನೋಡೋಣ" ಅಂತ ಹಟ ಹಿಡಿದಿದ್ದಳಂತೆ. ಶಾಲೆಯಿಂದ ಡಬ್ಬಿಯಲ್ಲಿ ಅರ್ಧ ಊಟ ಉಳಿಸಿ ತರುತ್ತಿದ್ದಾಳಂತೆ.

ಇಬ್ಬರನ್ನೂ ಮತ್ತೆ ಕೂರಿಸಿದೆ. ಬೆಳೆಯುವ ಮಗುವಿಗೆ ಈ ಆ್ಯಪ್ ಬೇಡವೇ ಬೇಡ. ಈ ವಯಸ್ಸಿನಲ್ಲಿ ತೂಕ ಏರೋದೇ ಸರಿ, ಎತ್ತರದ ಜೊತೆ ಅದು ಹೇಗೆ ಹೋಗುತ್ತಿದೆ ಅಂತ ನೋಡೋದು ಮಕ್ಕಳ ವೈದ್ಯರ ಕೆಲಸ. ಮನೆಯಲ್ಲಿ ಯಾರ ತೂಕವನ್ನೂ ಮಗಳ ಮುಂದೆ ಮಾತಾಡಬೇಡಿ, ನಿಮ್ಮ ನಿಮ್ಮದನ್ನೂ ಸೇರಿಸಿ. ತಕ್ಕಡಿ ಹಾಲ್‌ನಲ್ಲಿ ಟಿವಿ ಪಕ್ಕದಲ್ಲಿತ್ತಂತೆ, ಅದನ್ನು ಒಳಗಿಡಿ. ಡಬ್ಬಿ ಹೀಗೇ ಉಳಿದು ಬಂದರೆ ಹದಿನೈದು ದಿನ ಕಾಯದೆ ಮಗಳನ್ನು ಕರೆದುಕೊಂಡು ಬನ್ನಿ.

ಮುಂದಿನ ತಿಂಗಳು ಟೀಚರ್ ಒಬ್ಬರೇ ಬಂದರು. ನಿದ್ದೆ ಸುಧಾರಿಸಿದೆ, ತಲೆ ಸುತ್ತು ಇಲ್ಲ. ತೂಕ 69.9, ಅಂದರೆ ಹೆಚ್ಚೇನೂ ಬದಲಾಗಿಲ್ಲ. ಬಟನ್ ಮಾತ್ರ ಇನ್ನೂ ಆಗಾಗ ಒತ್ತುತ್ತಾರಂತೆ, "ಚಟ ಆಗಿಬಿಟ್ಟೈತ್ರೀ" ಅಂದರು. ಯಜಮಾನರು 80ರಲ್ಲಿ ನಿಂತಿದ್ದಾರೆ, ಆ್ಯಪ್ ಇನ್ನೂ 77 ಅಂತ ಹೇಳ್ತಾ ಇದೆಯಂತೆ. ಮಗಳ ಡಬ್ಬಿ ಈಗ ಖಾಲಿಯಾಗಿ ಬರುತ್ತೆ. ಆದರೂ ಶಾಲೆಯಲ್ಲಿ ಗೆಳತಿಯರಿಗೆ ಕೊಡುತ್ತಿಲ್ಲ ಅಂತ ಕ್ಲಾಸ್ ಟೀಚರ್ ಹತ್ತಿರ ಕೇಳಿ ಖಚಿತ ಮಾಡಿಕೊಳ್ಳಿ ಅಂದಿದ್ದೇನೆ. ದಸರಾ ರಜೆಯಲ್ಲಿ ಅವಳನ್ನೂ ಕರೆದುಕೊಂಡು ಬರ್ತಾರೆ.