ಗಡ್ಡೆಯೊಳಗೆ ಕೀವು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ (ಬದಿಯಡ್ಕ): ನನ್ನ ತಂಗಿಗೆ 28 ವರ್ಷ. ಚೊಚ್ಚಲ ಹೆರಿಗೆಯಾಗಿ 19 ದಿನ. ಬಸಿರಿನಲ್ಲೇ 7 ಸೆಂ.ಮೀ. ಫೈಬ್ರಾಯ್ಡ್ (ಗರ್ಭಕೋಶದ ಸ್ನಾಯುವಿನ ಗಡ್ಡೆ) ಇದೆ ಅಂದಿದ್ದರು. ಈಗ ಎಂಟು ದಿನಗಳಿಂದ ಸಂಜೆಯಾದರೆ ಚಳಿಜ್ವರ. ಮಾತ್ರೆ ಕೊಟ್ಟರೆ ಇಳಿಯುತ್ತದೆ, ಮರುದಿನ ಮತ್ತೆ ಬರುತ್ತದೆ. ಸ್ರಾವಕ್ಕೆ ಕೆಟ್ಟ ವಾಸನೆ. ಸ್ಕ್ಯಾನಿಂಗ್ ಚೀಟಿಯಲ್ಲಿ ಗಡ್ಡೆಯೊಳಗೆ ಗಾಳಿ ಎಂದಿದೆ. ಡಾಕ್ಟರು ‘ಮುಳದಲ್ಲಿ ಪಳುಪ್ಪು’ ಅಂದರು, ಗರ್ಭಕೋಶ ತೆಗೆಯಬೇಕಾದೀತು ಅಂದರು. ಮಾತ್ರೆಯಲ್ಲೇ ಗುಣವಾಗದೆ?

ಉತ್ತರ: ಮಲಯಾಳದ ‘ಮುಳ’ ನಮ್ಮ ಗಡ್ಡೆ, ‘ಪಳುಪ್ಪು’ ಅಂದರೆ ಕೀವು. ವೈದ್ಯರು ಇದನ್ನು ಪಯೋಮಯೋಮ ಎನ್ನುತ್ತಾರೆ. ಅಪರೂಪದ ಕಾಯಿಲೆ, ಆದರೆ ತಡವಾದರೆ ಜೀವಕ್ಕೇ ಎರವಾಗುತ್ತದೆ. ತಂಗಿ ಇನ್ನೂ ಮನೆಯಲ್ಲಿದ್ದರೆ ಇವತ್ತೇ ದಾಖಲಾಗಲಿ. ಐಸಿಯು, ರಕ್ತನಿಧಿ ಎರಡೂ ಇರುವ ಆಸ್ಪತ್ರೆ ಬೇಕು. ತಲಪಾಡಿ ದಾಟಿ ಮಂಗಳೂರಾದರೂ ಸರಿ, ತೆಂಕಕ್ಕೆ ಪರಿಯಾರವಾದರೂ ಸರಿ.

ಹೆರಿಗೆಯಾದ ಕೂಡಲೇ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಆರು ವಾರಗಳಲ್ಲಿ 100 ಗ್ರಾಂಗಿಂತ ಕೆಳಗೆ ಕುಗ್ಗುತ್ತದೆ. ಆಗ ಗಡ್ಡೆಗೆ ಹೋಗುವ ರಕ್ತವೂ ಕಡಿಮೆಯಾಗಿ ಅದರ ನಡುಭಾಗ ಸಾಯಬಹುದು. ಬಾಯಿ ಪೂರ್ತಿ ಮುಚ್ಚಿರದ ಗರ್ಭಕೋಶದೊಳಕ್ಕೆ ಕೆಳಗಿನಿಂದ ಏರಿದ ಇ-ಕೋಲೈ, ಎಂಟೆರೊಕಾಕಸ್, ಸ್ಟ್ರೆಪ್ಟೊಕಾಕಸ್‌ಗಳಿಗೆ, ಗಾಳಿಯಿಲ್ಲದಲ್ಲೇ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ ಆ ಸತ್ತ ಮಾಂಸವೇ ಮನೆ. ಮದ್ದು ಅಲ್ಲಿಗೆ ಹೋಗಬೇಕಾದರೆ ರಕ್ತದ ಜೊತೆಗೇ ಹೋಗಬೇಕು, ರಕ್ತವೇ ಅಲ್ಲಿಗೆ ಹೋಗುತ್ತಿಲ್ಲ. ಜ್ವರ ಇಳಿದು ಇಳಿದು ಏರುವುದು ಇದಕ್ಕೇ. ಬಾಣಂತಿ ನಂಜು ಎಂದು ಕಷಾಯ ಕೊಟ್ಟು ಕಾಯುವ ಮನೆಗಳು ಇನ್ನೂ ಇವೆ. ಹೆರಿಗೆಯ ನಂತರದ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಜ್ವರಕ್ಕೆ ಕಷಾಯದ ಕೆಲಸವಿಲ್ಲ.

ಇನ್ನು ಆ ‘ಗಾಳಿ’ಯ ವಿಷಯ. ಹೆರಿಗೆಯಾದ ಮೊದಲ ವಾರಗಳಲ್ಲಿ ಗರ್ಭಕೋಶದ ಪೊಳ್ಳಿನೊಳಗೆ ಒಂದಿಷ್ಟು ಗಾಳಿ ಕಾಣುವುದು ಸಹಜ. ಗಡ್ಡೆಯ ಒಳಗೇ ಗಾಳಿಯೂ ದ್ರವವೂ ಇದ್ದು, ಜೊತೆಗೆ ಜ್ವರವೂ ಇದ್ದರೆ ಮಾತ್ರ ಕೀವೆಂದು ಬಲವಾಗಿ ಶಂಕಿಸಬೇಕು. ಅಲ್ಟ್ರಾಸೌಂಡ್‌ನಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ. ಉಳಿದ ಮಾಸು (ಹೊಕ್ಕುಳಮಾಸಿನ ತುಂಡು), ಅಂಡಾಶಯದ ಬಾವು ಕೂಡ ಹಾಗೆಯೇ ಕಂಡಾವು. ಅದಕ್ಕೆ ಸಿ.ಟಿ. ಅಥವಾ ಎಂ.ಆರ್.ಐ. ಬೇಕು. ಗಾಳಿ ಹುಡುಕಲು ಸಿ.ಟಿ. ಚುರುಕು, ಗಡ್ಡೆ ಯಾವ ಪದರದಲ್ಲಿದೆ, ಉಳಿದ ಸ್ನಾಯು ಎಷ್ಟು ಗಟ್ಟಿ ಎಂದು ತಿಳಿಯಲು ಎಂ.ಆರ್.ಐ. ಮೇಲು. ಹಾಗೆಯೇ ಎದೆ, ಮೂತ್ರ, ಹೊಲಿಗೆ ಮೂರನ್ನೂ ನೋಡಿ ಜ್ವರಕ್ಕೆ ಬೇರೆ ಮೂಲವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ರಕ್ತದ ಕಲ್ಚರ್ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಬಗ್ಗೆ ನಾವು ಹಟ ಹಿಡಿಯುತ್ತೇವೆ. ಆ್ಯಂಟಿಬಯಾಟಿಕ್ ಚುಚ್ಚುವ ಮೊದಲೇ ಎರಡು ಬೇರೆ ಬೇರೆ ಜಾಗದಿಂದ, ಒಂದೊಂದು ಬಾಟಲಿಗೆ 8–10 ಮಿ.ಲೀ. ರಕ್ತ ತೆಗೆಯಬೇಕು. ಮೊದಲ ಸುಳಿವಿಗೆ ಒಂದೆರಡು ದಿನ, ಪೂರ್ತಿ ವರದಿಗೆ ಐದು ದಿನದವರೆಗೆ ಹಿಡಿಯುತ್ತದೆ. ಇಷ್ಟರಲ್ಲೇ ಆ್ಯಂಟಿಬಯಾಟಿಕ್ ಮಾತ್ರೆ ನುಂಗಿದ್ದರೆ ಏನೂ ಬೆಳೆಯದೆ ಹೋಗಬಹುದು, ಹಾಗಾಗಿ ಖಾಲಿ ಸ್ಟ್ರಿಪ್‌ಗಳನ್ನು ಎಸೆಯದೆ ತೋರಿಸಿ. ಬಸಿರಿನ ಸ್ಕ್ಯಾನಿಂಗ್ ಚೀಟಿಗಳೂ ಜೊತೆಗಿರಲಿ. ಗಡ್ಡೆ ಅಂದು ಹೇಗಿತ್ತು ಎಂಬುದು ಅರ್ಧ ಉತ್ತರ.

ಚಿಕಿತ್ಸೆ ನರಕ್ಕೆ ಕೊಡುವ ಮದ್ದಿನಿಂದ ಶುರು. ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ 4.5 ಗ್ರಾಂ ಆರರಿಂದ ಎಂಟು ಗಂಟೆಗೊಮ್ಮೆ, ಅಥವಾ ಸೆಫ್ಟ್ರಿಯಾಕ್ಸೋನ್ ಜೊತೆ ಮೆಟ್ರೋನಿಡಜೋಲ್, ಇವು ರೂಢಿಯಲ್ಲಿರುವ ಜೋಡಿಗಳು. ಮೂತ್ರಪಿಂಡ ಸೋತಿದ್ದರೆ ಪ್ರಮಾಣ ಬದಲಾಗುತ್ತದೆ. ಇವು ನಡೆಯುವಾಗ ಸಾಮಾನ್ಯವಾಗಿ ಎದೆಹಾಲು ನಿಲ್ಲಿಸಬೇಕಿಲ್ಲ. 48ರಿಂದ 72 ಗಂಟೆ ಕಳೆದರೂ ಜ್ವರ ಬಿಡದಿದ್ದರೆ ಮದ್ದು ಬದಲಿಸುತ್ತಾ ಕೂರುವುದು ತಪ್ಪು. ಕೀವು ಹೊರಗೆ ಬರಬೇಕು.

ಗರ್ಭಕೋಶ ತೆಗೆಯಲೇಬೇಕೆ? ಎಲ್ಲರಿಗೂ ಇಲ್ಲ. ರಕ್ತದೊತ್ತಡ ಕುಸಿಯದೆ ನಿಂತಿದ್ದರೆ, ಗಡ್ಡೆ ಒಡೆದು ಹೊಟ್ಟೆಗೆ ಕೀವು ಹರಡಿರದಿದ್ದರೆ, ಸುತ್ತಲಿನ ಸ್ನಾಯು ಗಟ್ಟಿಯಿದ್ದರೆ ಗಡ್ಡೆಯನ್ನಷ್ಟೇ ತೆಗೆಯುವ ಮಯೋಮೆಕ್ಟಮಿಗೆ ಪ್ರಯತ್ನಿಸಬಹುದು. ಆಯ್ದ ಕೆಲವರಲ್ಲಿ ಸಿ.ಟಿ. ನೋಡಿಕೊಂಡು ನಳಿಕೆ ಹಾಕಿ ಕೀವು ಬಸಿಯುವುದೂ ಉಂಟು. 28 ವರ್ಷದವಳಿಗೆ ಈ ಪ್ರಶ್ನೆ ಕೇಳುವ ಹಕ್ಕು ಪೂರ್ತಿ ಇದೆ. ಆದರೆ ಸಾಮಾನ್ಯ ಫೈಬ್ರಾಯ್ಡ್ ಸಿಪ್ಪೆ ಸುಲಿದ ಹಾಗೆ ಬಿಡಿಸಿಕೊಂಡು ಬರುತ್ತದೆ, ಕೀವಾದದ್ದು ಬರುವುದಿಲ್ಲ. ಪದರ ಕರಗಿ ಅಂಟಿರುತ್ತದೆ, ಹಾಕಿದ ಹೊಲಿಗೆ ಮೆತ್ತಗಿನ ಮಾಂಸದಲ್ಲಿ ನಿಲ್ಲದೆ ಕಿತ್ತುಬರುತ್ತದೆ, ರಕ್ತ ಹೆಚ್ಚು ಹೋಗುತ್ತದೆ. ಆದ್ದರಿಂದ ‘ಬೇಕಾದರೆ ಗರ್ಭಕೋಶ ತೆಗೆಯಲು ಒಪ್ಪಿಗೆ’ ಎಂದು ಮೊದಲೇ ಸಹಿ ಕೇಳುತ್ತಾರೆ. ಅದನ್ನು ಬೆದರಿಕೆಯೆಂದು ತಿಳಿಯಬೇಡಿ. ಬಿ.ಪಿ.ಯ ಮೇಲಿನ ಅಂಕೆ 100ಕ್ಕೆ ಇಳಿದಿದೆ, ಉಸಿರು ನಿಮಿಷಕ್ಕೆ 22 ದಾಟಿದೆ, ಮೂತ್ರ ಕಡಿಮೆ, ಮಾತು ತೊದಲುತ್ತಿದೆ ಎಂದಾದರೆ ಗರ್ಭಕೋಶದ ಚರ್ಚೆ ಬಿಟ್ಟು ತಂಗಿಯನ್ನು ಉಳಿಸಿಕೊಳ್ಳಿ. ಆಗಲೂ ಅಂಡಾಶಯ ಚೆನ್ನಾಗಿದ್ದರೆ ಅದನ್ನು ತೆಗೆಯಬೇಕಿಲ್ಲ. ಕೀವಿನ ಒಂದು ಭಾಗ ಕಲ್ಚರಿಗೆ, ಗಡ್ಡೆ ಪೆಥಾಲಜಿ ಪರೀಕ್ಷೆಗೆ (ಮಾಂಸದ ಸೂಕ್ಷ್ಮ ಪರೀಕ್ಷೆ) ಹೋಯಿತೇ ಎಂದು ಕೇಳಲು ಮರೆಯಬೇಡಿ.

ಪ್ರಶ್ನೆ (ಮಂಜೇಶ್ವರ): ನನಗೆ 46. ಮೂರು ತಿಂಗಳಿಂದ ಮುಟ್ಟು ನಿಲ್ಲುತ್ತಿಲ್ಲ. ಈಗ ಕೆಳಗೆ ಮಾಂಸದ ಉಂಡೆಯಂಥದ್ದು ಕೈಗೆ ತಾಗುತ್ತದೆ, ನಾತ ಬರುವ ನೀರು ಹೋಗುತ್ತದೆ. ಹಿಮೋಗ್ಲೋಬಿನ್ 7.2. ಗರ್ಭಕೋಶ ಜಾರಿದೆ, ಒಳಗೆ ತಳ್ಳಿಕೋ ಎನ್ನುತ್ತಾರೆ ನೆರೆಯವರು.

ಉತ್ತರ: ತಳ್ಳಬೇಡಿ. ಜಾರಿದ ಗರ್ಭಕೋಶದಿಂದ ಸಾಮಾನ್ಯವಾಗಿ ಮೂರು ತಿಂಗಳ ರಕ್ತಸ್ರಾವ ಆಗುವುದಿಲ್ಲ. ಗರ್ಭಕೋಶದೊಳಗಿನ ಫೈಬ್ರಾಯ್ಡ್ ತೊಟ್ಟಿನ ಮೇಲೆ ಜೋತು, ಬಾಯಿ ದಾಟಿ ಯೋನಿಗೆ ಇಳಿದಿರುವ ಸಾಧ್ಯತೆಯೇ ಹೆಚ್ಚು. ತೊಟ್ಟು ಬಿಗಿದು ತುದಿಗೆ ರಕ್ತ ಸಾಲದೆ ಅದು ಕೊಳೆಯುತ್ತದೆ, ನಾತ ಅದರದ್ದು. ಗರ್ಭಕೊರಳಿನ ಕ್ಯಾನ್ಸರ್ ಕೂಡ ಹೀಗೇ ಕಾಣಬಹುದಾದ್ದರಿಂದ ಪರೀಕ್ಷೆ ತಪ್ಪಿಸುವಂತಿಲ್ಲ.

ಮೊದಲು ಆ್ಯಂಟಿಬಯಾಟಿಕ್, ಜೊತೆಗೆ ರಕ್ತ. ಒಂದು ಬಾಟಲಿ ರಕ್ತಕಣಕ್ಕೆ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರುತ್ತದೆ. ನರಕ್ಕೆ ಕೊಡುವ ಕಬ್ಬಿಣಾಂಶದ ಚುಚ್ಚುಮದ್ದನ್ನು ಸೋಂಕು ಜೋರಿರುವಾಗ ಕೊಡುವುದಿಲ್ಲ. ಆಮೇಲೆ ಕೆಳಗಿನಿಂದಲೇ ತೊಟ್ಟು ಕಟ್ಟಿ, ಇಲ್ಲವೇ ತಿರುಚಿ ಗಡ್ಡೆ ತೆಗೆಯುತ್ತಾರೆ. ಹೊಟ್ಟೆ ಕೊಯ್ಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಕತ್ತರಿಸುವ ಮೊದಲು ಒಂದನ್ನು ನೋಡಲೇಬೇಕು: ಗಡ್ಡೆಯ ಎಳೆತಕ್ಕೆ ಗರ್ಭಕೋಶದ ಮೇಲ್ಭಾಗವೇ ಚೀಲದ ಹಾಗೆ ಒಳಮಗುಚಿ ಬಂದಿಲ್ಲವಷ್ಟೆ? ಅದು ಗೊತ್ತಾಗದೆ ತೊಟ್ಟೆಂದು ಕತ್ತರಿಸಿದರೆ ಗರ್ಭಕೋಶಕ್ಕೇ ತೂತು.

ಪ್ರಶ್ನೆ (ಅಕ್ಕಲಕೋಟೆ): ಸೊಸಿಗೆ ಐದು ತಿಂಗಳು. 8 ಸೆಂ.ಮೀ. ಗಡ್ಡಿ ಅದ. ಎರಡು ದಿನದಿಂದ ಒಂದೇ ಮಗ್ಗಲಿಗೆ ಭಾಳ ನೋವು, ಸಣ್ಣ ಜ್ವರ. ಇದೂ ಕೀವೇನು?

ಉತ್ತರ: ಬಹುಶಃ ಅಲ್ಲ. ಬಸಿರಿನ ನಡುವಿನ ತಿಂಗಳುಗಳಲ್ಲಿ ಗಡ್ಡೆಗೆ ರಕ್ತ ಸಾಲದೆ ಅದು ಒಳಗೇ ಕೆಂಪಾಗಿ ಮೆತ್ತಗಾಗುತ್ತದೆ. ಅದಕ್ಕೆ ರೆಡ್ ಡೀಜನರೇಶನ್ ಎನ್ನುತ್ತಾರೆ. ಬೆರಳಿಟ್ಟರೆ ಗಡ್ಡೆ ಇರುವಲ್ಲೇ ನೋವು. ಬಿಳಿ ರಕ್ತಕಣ ಏರಿದರೂ ಅದೊಂದರಿಂದ ಕೀವೆನ್ನಲಾಗದು, ಬಸಿರಿನಲ್ಲಿ ಅದು ಹೇಗೂ ಏರಿರುತ್ತದೆ. ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಿ ಅಪೆಂಡಿಕ್ಸ್, ಮೂತ್ರದ ಸೋಂಕು ಅಲ್ಲವೆಂದು ತಿಳಿಯಿರಿ. ನಂತರ ವಿಶ್ರಾಂತಿ, ಸಾಕಷ್ಟು ನೀರು, 650 ಮಿ.ಗ್ರಾಂ. ಪ್ಯಾರಸಿಟಮಾಲ್ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಮೀರದಂತೆ. ಐಬುಪ್ರೊಫೆನ್ ಜಾತಿಯ ನೋವಿನ ಗುಳಿಗೆಗಳನ್ನು ಅಂಗಡಿಯಿಂದ ನೀವಾಗಿ ತಂದು ಕೊಡಬೇಡಿ. ಕೂಸಿನ ಹೃದಯದ ರಕ್ತನಾಳಕ್ಕೂ ಮೂತ್ರಪಿಂಡಕ್ಕೂ ತೊಂದರೆ. ಚಳಿ ನಡುಗಿ ಜ್ವರ ಏರಿದರೆ, ನೀರು ಅಥವಾ ರಕ್ತ ಹೋದರೆ ಸೋಲಾಪುರಕ್ಕೆ ಕರೆದೊಯ್ಯಿರಿ.

ಪ್ರಶ್ನೆ (ಹೊಸೂರು): ಫೈಬ್ರಾಯ್ಡ್‌ಗೆ ಎಂಬೊಲೈಸೇಶನ್ (ಗಡ್ಡೆಯ ರಕ್ತನಾಳ ಮುಚ್ಚುವ ಚಿಕಿತ್ಸೆ) ಮಾಡಿಸಿ 9 ದಿನ. ಸಿ.ಟಿ.ಯಲ್ಲಿ ಗಾಳಿ ಕಂಡಿದೆ. ಜ್ವರವಿಲ್ಲ.

ಉತ್ತರ: ರಕ್ತನಾಳ ಮುಚ್ಚಿಸಿದ ಗಡ್ಡೆಯಲ್ಲಿ ಮೊದಲ ವಾರಗಳಲ್ಲಿ ಗಾಳಿ ಕಾಣುವುದು ಸಾಮಾನ್ಯ, ಜ್ವರವಿಲ್ಲದೆ ಅದಕ್ಕೆ ಬೆಲೆಯಿಲ್ಲ. ಮೊದಲ ವಾರದ ಸಣ್ಣ ಜ್ವರ, ನೋವು, ವಾಕರಿಕೆ ಕೂಡ ಚಿಕಿತ್ಸೆಯ ಭಾಗವೇ. ಒಮ್ಮೆ ಬಿಟ್ಟ ಜ್ವರ ಎರಡನೇ ವಾರದಲ್ಲೋ ಆಮೇಲೋ ಮತ್ತೆ 38 ಡಿಗ್ರಿ ದಾಟಿದರೆ, ಸ್ರಾವ ನಾರತೊಡಗಿದರೆ ಮಾತ್ರ ಮಾಡಿದವರಲ್ಲಿಗೇ ಓಡಿ. ಗಡ್ಡೆಯ ತುಂಡು ಹೊರಬಿದ್ದರೆ ಎಸೆಯಬೇಡಿ. ಮುಚ್ಚಳವಿರುವ ಸ್ವಚ್ಛ ಡಬ್ಬಿಯಲ್ಲಿ ಹಾಕಿ ಜೊತೆಗೆ ಒಯ್ಯಿರಿ.