ಸಂಬಳ ಏರಿಸಿದರೂ ತಂಡದಲ್ಲಿ ಹುರುಪು ಯಾಕಿಲ್ಲ?

ಸಂಬಳ ಏರಿಸಿದ ಮೇಲೂ ತಂಡದ ಕೆಲಸ ಸುಧಾರಿಸಿಲ್ಲ, ಯಾಕೆ ಎಂದು ಕೇಳಿದ್ದೀರಿ. ಸಂಬಳ ಸಾಲದಿದ್ದರೆ ಅಸಮಾಧಾನ ಖಂಡಿತ. ಆದರೆ ಅದು ಸರಿಹೋದ ಮಾತ್ರಕ್ಕೆ ಕೆಲಸದ ಮೇಲೆ ಆಸಕ್ತಿ ತಾನಾಗಿ ಹುಟ್ಟುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಮಾತಾಡಿಸಿ 1959ರಲ್ಲಿ ಹೇಳಿದ್ದು ಇದನ್ನೇ: ಸಂಬಳ, ನಿಯಮ, ಮೇಲ್ವಿಚಾರಣೆ ಕೆಟ್ಟಿದ್ದರೆ ಜನ ಬೇಸರಪಡುತ್ತಾರೆ, ಹುರುಪು ಬರುವುದು ಸಾಧನೆ, ಮನ್ನಣೆ, ಹೊಣೆಗಾರಿಕೆಗಳಿಂದ.

ಹುರುಪಿರುವವರು ತಪ್ಪು ಕಂಡರೆ ಬಾಯಿಬಿಟ್ಟು ಹೇಳುತ್ತಾರೆ, ಹೊಸದನ್ನು ಕಲಿಯುತ್ತಾರೆ. ಹುರುಪು ಕಳೆದುಕೊಂಡವರು ಹೇಳಿದಷ್ಟು ಮಾಡಿ ಸುಮ್ಮನಾಗುತ್ತಾರೆ. ಅದು ಅಲ್ಲಿಗೇ ನಿಲ್ಲುವುದಿಲ್ಲ. ಅವರು ಬಿಟ್ಟ ಕೆಲಸ ಪಕ್ಕದವರ ತಲೆಗೆ ಬೀಳುತ್ತದೆ; ನಿಷ್ಠೆಯಿಂದ ದುಡಿಯುವವರಿಗೂ 'ನಾನೊಬ್ಬನೇ ಯಾಕೆ?' ಅನ್ನಿಸತೊಡಗುತ್ತದೆ. ಇಡೀ ತಂಡದ ಮನೋಬಲ ಕುಸಿಯುವುದು ಬಹುಪಾಲು ಹೀಗೆಯೇ, ಸದ್ದಿಲ್ಲದೆ. (ಹುರುಪಿದ್ದರೆ ಕೆಲಸ ಚೆನ್ನಾಗುವಂತೆ, ಕೆಲಸ ಕೈಗೂಡಿದಾಗ ಹುರುಪೂ ಹೆಚ್ಚುತ್ತದೆ.)

ನನ್ನನ್ನು ಕೇಳಿದರೆ, ಮೊದಲು ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿ, ಕೆಲಸಕ್ಕೆ ಏನು ಅಡ್ಡಿಯಾಗುತ್ತಿದೆ ಎಂದು ಕೇಳಿ. ಕೇಳಿದ್ದರಲ್ಲಿ ಒಂದನ್ನಾದರೂ ಕೂಡಲೇ ಸರಿಪಡಿಸಿ. 'ಚೆನ್ನಾಗಿ ಮಾಡಿದಿರಿ' ಎಂದಷ್ಟೇ ಹೇಳಬೇಡಿ, ಯಾವುದು ಚೆನ್ನಾಗಿತ್ತು ಎಂಬುದನ್ನೂ ಹೇಳಿ. ಕೆಲಸವನ್ನು ಹೇಗೆ ಮಾಡಬೇಕು ಎಂಬ ತೀರ್ಮಾನವನ್ನು ಆದಷ್ಟು ಅವರಿಗೇ ಬಿಡಿ.